ಕಬ್ಬಿನ ಹಂಗಾಮಿನಲ್ಲಿ ಸೈಕಲ್ಲು

ಸೈಕಲ್ಲನ್ನು ಹತ್ತಲು ಕಲಿಯುವುದು ಬೇರೆ, ಸೈಕಲ್ಲಿನ ಮೇಲೆ ದಾರಿ ನಡೆಯಲು ಕಲಿಯುವುದು ಬೇರೆ. ಮೊದಲನೆಯದನ್ನು ನಮ್ಮಲ್ಲಿ ಬಹುಮಂದಿ ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ, ತಂದೆಯ ಅಥವಾ ಕಾಕನ ಎತ್ತರದ ಸೈಕಲ್ಲಿನ ನಡುದಂಡದ ಕೆಳಗೆ ಕಾಲು ತೂರಿಸಿ, ಮೊಣಕಾಲು ತರಚಿಕೊಂಡು ಕಲಿತಿರುತ್ತೇವೆ. ಎರಡನೆಯದನ್ನು ಯಾರೂ ಕಲಿಸುವುದಿಲ್ಲ. ಮೋಟಾರು ನಡೆಸುವವನಿಗೆ ಪರೀಕ್ಷೆಯುಂಟು, ಪರವಾನಿಗೆಯುಂಟು. ಸೈಕಲ್ಲಿನವನಿಗೆ ಎರಡೂ ಇಲ್ಲ. ಬಡವನ ವಾಹನಕ್ಕೆ ಸರಕಾರದ ತೊಡಕಿಲ್ಲವೆಂದು ನಾವು ಇದನ್ನು ಒಂದು ಅನುಕೂಲವೆಂದೇ ಎಣಿಸುತ್ತ ಬಂದಿದ್ದೇವೆ. ಅನುಕೂಲವೇನೋ ನಿಜ. ಆದರೆ ಪರೀಕ್ಷೆಯಿಲ್ಲದ ಕಡೆಗೆ ಪಾಠವೂ ಇಲ್ಲವಾಗುತ್ತದೆ ಎಂಬುದನ್ನು ನಾವು ಅಷ್ಟಾಗಿ ಆಲೋಚಿಸಿಲ್ಲ.

ಗೋಕಾಕದಿಂದ ಹೊಳೆಯಾಚೆಯ ಹಳ್ಳಿಯೊಂದರ ಶಾಲೆಗೆ ನಾನು ಎರಡು ವರ್ಷಗಳಿಂದ ಸೈಕಲ್ಲಿನ ಮೇಲೆಯೇ ಹೋಗಿಬರುತ್ತಿದ್ದೇನೆ. ಹೋಗಲು ಏಳು ಕಿಲೋಮೀಟರು, ಬರಲು ಏಳು. ಬಸ್ಸಿನ ವೇಳೆಯು ಶಾಲೆಯ ಗಂಟೆಗೆ ಹೊಂದದಿರುವುದೇ ಇದಕ್ಕೆ ಕಾರಣವಾಯಿತೇ ಹೊರತು ವ್ಯಾಯಾಮದ ಉತ್ಸಾಹವಲ್ಲ. ಇಪ್ಪತ್ತೈದು ವರ್ಷ ಮುಟ್ಟದೆ ಇದ್ದ ಸೈಕಲ್ಲನ್ನು ನಡುವಯಸ್ಸಿನಲ್ಲಿ ಹತ್ತಿದಾಗ ಕಾಲಿಗೆ ಹಳೆಯ ಅಭ್ಯಾಸವು ಒಂದೇ ದಿನದಲ್ಲಿ ಮರಳಿತು. ದಾರಿ ಮಾತ್ರ ಆ ಹಳೆಯ ದಾರಿಯಾಗಿ ಉಳಿದಿರಲಿಲ್ಲ. ಆದುದರಿಂದ ಹೊಸದಾಗಿ ಮಠ ಸೇರಿದ ಶಿಷ್ಯನಂತೆ ಬಲ್ಲವರನ್ನು ಕೇಳುತ್ತ, ರಜೆಯ ದಿನಗಳಲ್ಲಿ ಮೂಡಲಗಿ ಹುಕ್ಕೇರಿಗಳವರೆಗೂ ತಿರುಗಿ ನೋಡುತ್ತ ನಾನು ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ. ನನ್ನಂತೆಯೇ ಹೊಸದಾಗಿ ಹೊರಡುವವರಿಗೂ, ಮಕ್ಕಳನ್ನು ಹೀಗೆ ಕಳಿಸುವ ತಂದೆತಾಯಿಗಳಿಗೂ ಇದರಿಂದ ಕಿಂಚಿತ್ ಪ್ರಯೋಜನವಾದೀತು.

೧೮೮೫ನೆಯ ಇಸವಿಯು ಗೋಕಾಕದವರು ನೆನಪಿಡಬೇಕಾದ ವರ್ಷ. ಘಟಪ್ರಭೆಯು ಧುಮುಕುವ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಬೇಕೆಂದು ಕಂಪನಿಯೊಂದು ಆ ವರ್ಷವೇ ಸ್ಥಾಪಿತವಾಯಿತು. ಅದೇ ವರ್ಷ ಇಂಗ್ಲಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು, ಎರಡು ಗಾಲಿಗಳೂ ಸುಮಾರಾಗಿ ಸಮನಾಗಿರುವ, ಚೈನಿನಿಂದ ಹಿಂದಿನ ಗಾಲಿ ತಿರುಗುವ ಸೈಕಲ್ಲನ್ನು ಪೇಟೆಗೆ ತಂದನು. ಅದಕ್ಕೆ ಮುಂಚಿನ ಸೈಕಲ್ಲಿನ ಮುಂಗಾಲಿಯು ಆಳೆದೆಯ ಎತ್ತರವಿದ್ದು, ಸವಾರನು ಅದರ ನೆತ್ತಿಯ ಮೇಲೆ ಕುಳಿತು, ಒಂದು ಕಲ್ಲು ತಗುಲಿದರೂ ತಲೆಕೆಳಗಾಗಿ ಬೀಳುತ್ತಿದ್ದನು. ಹೊಸ ಸೈಕಲ್ಲು ಹಾಗೆ ಬೀಳಿಸದ್ದರಿಂದ ಅದಕ್ಕೆ ‘ಸೇಫ್ಟಿ’ ಎಂದೇ ಹೆಸರಾಯಿತು. ಮೂರು ವರ್ಷಗಳ ತರುವಾಯ, ೧೮೮೮ರಲ್ಲಿ, ಡನ್‌ಲಪ್ಪನ ಗಾಳಿ ತುಂಬಿದ ಟಾಯರು ಬಂದಿತು. ಇಂದು ನಾವು ಹತ್ತುವುದು ಆ ವಂಶದ ಸೈಕಲ್ಲನ್ನೇ. ತಾನಾಗಿ ಬೀಳದಂತೆ ಸವಾರನನ್ನು ಕಾಯುವ ಕೆಲಸವನ್ನು ಯಂತ್ರವು ನೂರಮೂವತ್ತು ವರ್ಷಗಳ ಹಿಂದೆಯೇ ಮಾಡಿ ಮುಗಿಸಿದೆ. ಇತರರು ಕೆಡವದಂತೆ ಕಾಯುವ ಕೆಲಸವು ಯಂತ್ರದಲ್ಲಿ ಇಲ್ಲ. ಅದು ದಾರಿಯಲ್ಲಿದೆ, ದಾರಿಯಲ್ಲಿ ನಡೆಯುವ ಮನುಷ್ಯರ ತಿಳಿವಳಿಕೆಯಲ್ಲಿದೆ.

ಗಿರಣಿಯಲ್ಲಿ ದುಡಿದು ನಿವೃತ್ತರಾದ ನಮ್ಮ ನೆರೆಯ ಕಾಕಾ ಒಮ್ಮೆ ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಪಾಳಿ ಬಿಡುವ ಭೋಂಗಾ ಕೂಗಿತೆಂದರೆ ಸೈಕಲ್ಲಿನವರು ಒಂದು ದಂಡಾಗಿ ಹೊರಬೀಳುತ್ತಿದ್ದರಂತೆ. ಆ ಹೊತ್ತಿಗೆ ಎದುರು ಬಂದ ಮೋಟಾರು ತಾನಾಗಿಯೇ ಮೆಲ್ಲಗಾಗುತ್ತಿತ್ತು. ಏಕೆಂದರೆ ಅಷ್ಟು ಜನರನ್ನು ಕಾಣಲಿಲ್ಲವೆಂದು ಹೇಳಲು ಯಾವ ಡ್ರೈವರನಿಗೂ ಸಾಧ್ಯವಿರಲಿಲ್ಲ. ಇಂದು ಸೈಕಲ್ಲಿನವನು ಒಬ್ಬಂಟಿಗ. ಅವನ ಹಿಂದೆ ದಂಡಿಲ್ಲ. ದಂಡು ಮಾಡುತ್ತಿದ್ದ ಕೆಲಸವನ್ನು, ಎಂದರೆ ಕಣ್ಣಿಗೆ ಬೀಳುವ ಕೆಲಸವನ್ನು, ಅವನೊಬ್ಬನೇ ಮಾಡಿಕೊಳ್ಳಬೇಕಾಗಿದೆ. ಹೊಸಬನಿಗೆ ಹೇಳಬೇಕಾದದ್ದೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ಆದರೆ ಹೊಸಬನ ಮನಸ್ಸು ಇದಕ್ಕೆ ವಿರುದ್ಧವಾಗಿ ಓಡುತ್ತದೆ. ಹಿಂದಿನಿಂದ ಹಾರ್ನು ಕೇಳಿದೊಡನೆ ಅವನು ರಸ್ತೆಯ ತೀರ ಅಂಚಿಗೆ ಸರಿಯುತ್ತಾನೆ. ಡಾಂಬರು ಮುಗಿದು ಮಣ್ಣು ತೊಡಗುವ ಆ ಗೆರೆಯ ಮೇಲೆ, ಕಣ್ಣಿಗೆ ಬೀಳದಂತೆ ಸಾಗಿದರೆ ಸುರಕ್ಷಿತವೆಂದು ಭಾವಿಸುತ್ತಾನೆ. ನನ್ನ ಸೈಕಲ್ಲಿಗೆ ಹೊಸ ಬ್ರೇಕು ಹಾಕಿಕೊಟ್ಟ ಮುದುಕ ಮಿಸ್ತ್ರಿಯು ಈ ವಿಷಯದಲ್ಲಿ ನನ್ನ ಮೊದಲ ಗುರು. ಅವನು ಚೈನಿಗೆ ಎಣ್ಣೆ ಬಿಡುತ್ತ ಹೇಳಿದನು: “ಮಾಸ್ತರ್ರ, ರಸ್ತೆದಾಗ ಅಂಜಿ ಅಂಚಿಗಿ ಹೋದವ್ನ ಯಾರೂ ಕಾಯಂಗಿಲ್ರಿ. ಕಣ್ಣಿಗಿ ಕಂಡವ್ನ ಕಾಯ್ತಾರ.”

ಗೋಕಾಕದ ಪೇಟೆಯಲ್ಲಿ ಈ ಮಾತಿನ ಅರ್ಥವು ನಿತ್ಯವೂ ಸಿದ್ಧವಾಗುತ್ತದೆ. ಕರದಂಟಿನ ಅಂಗಡಿಗಳ ಮುಂದೆ ಮೋಟಾರುಸೈಕಲ್ಲುಗಳು ನಿಂತಿರುತ್ತವೆ; ಕಾರುಗಳು ನಿಂತಿರುತ್ತವೆ; ನಡುನಡುವೆ ಒಂದಿಷ್ಟು ತೆರವು ಇರುತ್ತದೆ. ಅಂಚನ್ನು ಹಿಡಿದವನು ಆ ತೆರವಿನಲ್ಲಿ ಒಳಹೊಕ್ಕು, ಮುಂದಿನ ಕಾರು ಅಡ್ಡವಾದಾಗ ಮತ್ತೆ ಥಟ್ಟನೆ ಹೊರಬರುತ್ತಾನೆ. ಹಿಂದೆ ಬರುವ ಟಂಟಂ ಗಾಡಿಯವನಿಗೆ ಅವನು ಭೂಮಿಯಿಂದ ಎದ್ದಂತೆ ಕಾಣಿಸುತ್ತಾನೆ. ನಿಂತ ಕಾರಿನ ಬಾಗಿಲು ಯಾವಾಗ ತೆರೆದೀತೆಂಬುದೂ ತಿಳಿಯದು. ಬಾಗಿಲಿನ ಅಗಲವು ಹೆಚ್ಚು ಕಡಿಮೆ ಒಂದು ಮೀಟರು. ಆದುದರಿಂದ ನಿಂತ ವಾಹನಗಳ ಸಾಲಿನಿಂದ ಒಂದು ಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ, ಒಂದೇ ನೇರಗೆರೆಯಲ್ಲಿ ಸಾಗುವುದು ಮೇಲು. ರಸ್ತೆ ತೆರವಾಗಿರುವಲ್ಲಿಯೂ ಡಾಂಬರಿನ ಅಂಚಿನಿಂದ ಒಂದು ತೋಳಿನಷ್ಟು ಒಳಗಿರಬೇಕು. ಆಗ ಹಿಂದಿನವನು ನಮ್ಮನ್ನು ದೂರದಿಂದಲೇ ಗುರುತಿಸಿ, ದಾಟಲು ಬೇಕಾದ ತೆರವನ್ನು ಮೊದಲೇ ಲೆಕ್ಕ ಹಾಕುತ್ತಾನೆ. ಕುಣಿಯೊಂದು ಎದುರಾದರೆ ಅಂಚಿನ ಕಡೆಗೆ ಸರಿಯಲು ನಮಗೂ ಸ್ಥಳವಿರುತ್ತದೆ.

ಲೋಳಸೂರ ಸೇತುವೆಯ ಹೆಸರನ್ನು ನಾಡೆಲ್ಲ ಕೇಳಿದೆ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆಯು ಅದನ್ನು ಮುಳುಗಿಸಿ ಗೋಕಾಕದ ಮನೆಮಠಗಳಿಗೆ ನುಗ್ಗಿದ್ದನ್ನು ಇಲ್ಲಿಯವರು ಮರೆಯುವಂತಿಲ್ಲ. ಸೈಕಲ್ಲಿನವನಿಗೆ ಸೇತುವೆಯೆಂಬುದು ಹೊಳೆ ಶಾಂತವಾಗಿದ್ದಾಗಲೂ ಒಂದು ಪರೀಕ್ಷೆಯೇ. ಅಲ್ಲಿಯವರೆಗೆ ಪಕ್ಕಕ್ಕಿದ್ದ ಮಣ್ಣಿನ ದಾರಿ ಅಲ್ಲಿ ಮುಗಿಯುತ್ತದೆ. ಪಕ್ಕಕ್ಕೆ ಸರಿಯಬೇಕೆಂದರೆ ಪಕ್ಕವೇ ಇಲ್ಲ. ಆದುದರಿಂದ ಸೇತುವೆ ಇನ್ನೂ ಐವತ್ತು ಹೆಜ್ಜೆ ಇರುವಾಗಲೇ ಹೆಗಲ ಮೇಲಿಂದ ಹಿಂದಿರುಗಿ ನೋಡಬೇಕು. ಬಸ್ಸೋ ಲಾರಿಯೋ ಹತ್ತಿರವಿದ್ದರೆ ನಿಂತು ಅದನ್ನು ಹೋಗಗೊಡಬೇಕು. ತೆರವಿದ್ದರೆ ಬಲಗೈ ಚಾಚಿ, ಸಾಲಿನೊಳಗೆ ಬಂದು, ಸೇತುವೆ ದಾಟುವ ತನಕ ಅಲ್ಲಿಯೇ ಇರಬೇಕು. ಹಿಂದಿನವನು ಅರ್ಧ ನಿಮಿಷ ತಾಳುತ್ತಾನೆ. ತಾಳದೆ ಹಾರ್ನು ಹೊಡೆದನೆಂದರೂ, ಹಾರ್ನು ಹೊಡೆದವನು ನಮ್ಮನ್ನು ಕಂಡಿದ್ದಾನೆ ಎಂಬುದಂತೂ ನಿಶ್ಚಯವಾಯಿತು. ಕಾಣದವನು ಹಾರ್ನು ಹೊಡೆಯುವುದಿಲ್ಲ. ಭಯಪಡಬೇಕಾದದ್ದು ಅವನಿಗೆ.

ಗೋಕಾಕ ತಾಲೂಕಿನಿಂದ ಬೇರ್ಪಟ್ಟು ಈಗ ತಾನೇ ತಾಲೂಕಾಗಿರುವ ಮೂಡಲಗಿಯ ದಾರಿಗಳಲ್ಲಿ ಬೇರೊಂದು ಪಾಠವಿದೆ. ಈ ಸೀಮೆಯ ಬದುಕನ್ನು ಮಾರ್ಪಡಿಸಿದ್ದು ನೀರು. ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅನಂತರ ಹಿಡಕಲ್ಲಿನಲ್ಲಿ ದೊಡ್ಡ ಅಣೆಕಟ್ಟಾಯಿತು. ಕಾಲುವೆಯ ಬೆನ್ನಿಗೆ ಕಬ್ಬು ಬಂದಿತು, ಕಬ್ಬಿನ ಬೆನ್ನಿಗೆ ಸಕ್ಕರೆ ಕಾರ್ಖಾನೆಗಳು ಬಂದವು. ಮೊದಲು ಚಕ್ಕಡಿಯಲ್ಲಿ ಹೋಗುತ್ತಿದ್ದ ಕಬ್ಬನ್ನು ಈಗ ಬಹುಮಟ್ಟಿಗೆ ಟ್ರ್ಯಾಕ್ಟರುಗಳೇ ಒಯ್ಯುತ್ತವೆ. ಒಂದರ ಹಿಂದೆ ಎರಡು ಟ್ರೇಲರು, ಟ್ರೇಲರಿನ ಎರಡು ಮಗ್ಗುಲಿಗೂ ಚಾಚಿಕೊಂಡ ಹೊರೆ. ದೀಪಾವಳಿಯ ಆಸುಪಾಸಿಗೆ ಹಂಗಾಮು ತೊಡಗಿತೆಂದರೆ ಬೇಸಗೆಯ ಬಾಗಿಲವರೆಗೂ ಹಗಲಿರುಳು ಈ ಮೆರವಣಿಗೆ ನಿಲ್ಲುವುದಿಲ್ಲ. ರೈತನ ವರ್ಷದ ದುಡಿಮೆಯು ಆ ಹೊರೆಯಲ್ಲಿದೆ. ಅದನ್ನು ದೂಷಿಸುವ ಅಧಿಕಾರ ಸೈಕಲ್ಲಿನವನಿಗಿಲ್ಲ. ಅದರ ಜೊತೆಗೆ ಬಾಳಲು ಮಾತ್ರ ಅವನು ಕಲಿಯಬೇಕು.

ಒಂದು ರವಿವಾರ ಗುರ್ಲಾಪುರ ಕ್ರಾಸಿನ ಹತ್ತಿರ ಚಹದ ಅಂಗಡಿಯ ಮುಂದೆ ಟ್ರ್ಯಾಕ್ಟರು ನಿಲ್ಲಿಸಿದ್ದ ತರುಣನೊಬ್ಬನನ್ನು ಮಾತಾಡಿಸಿ, ಅವನ ಅಪ್ಪಣೆ ಪಡೆದು, ಅವನ ಆಸನದ ಮೇಲೆ ಕುಳಿತು ಹಿಂದಿರುಗಿ ನೋಡಿದೆನು. ಕಂಡದ್ದು ಕಬ್ಬು, ಕಬ್ಬಲ್ಲದೆ ಮತ್ತೇನೂ ಅಲ್ಲ. ಮೊದಲ ಟ್ರೇಲರೇ ಹಿಂದಿನ ಲೋಕವನ್ನೆಲ್ಲ ಮುಚ್ಚಿಬಿಟ್ಟಿತ್ತು. ಎರಡನೆಯ ಟ್ರೇಲರು ಇದೆಯೆಂಬುದಕ್ಕೆ ಎಳೆತದ ಭಾರವೊಂದೇ ಸಾಕ್ಷಿ. ಇಂಜಿನಿನ ಸದ್ದಿನಲ್ಲಿ ಸೈಕಲ್ಲಿನ ಗಂಟೆಯೇನು, ಬಸ್ಸಿನ ಹಾರ್ನೂ ಅಲ್ಲಿ ಕ್ಷೀಣವಾಗಿಯೇ ಕೇಳೀತು. “ಹಿಂದ ಯಾರರ ಇದ್ರ ಹೆಂಗ ಗೊತ್ತಾಗ್ತದಪಾ?” ಎಂದು ಕೇಳಿದೆನು. ಅವನು ನಗುತ್ತ, “ಸರ, ಮುಂದ ನೋಡೂದು ನನ್ನ ಕೆಲಸ್ರಿ. ಹಿಂದಿಂದು ದೇವರ ನೋಡ್ಕೊಂತಾನ” ಎಂದನು. ಅದು ಉಡಾಫೆಯ ಮಾತಾಗಿರಲಿಲ್ಲ. ತನಗೆ ಕಾಣದ್ದನ್ನು ಕಾಣದೆಂದು ಅವನು ನಿಜವಾಗಿ ಹೇಳಿದ್ದನು. ಸೈಕಲ್ಲಿನವನು ಆ ಮಾತನ್ನು ದೇವರಿಗೆ ಬಿಡದೆ ತಾನೇ ಮನಸ್ಸಿಗೆ ತಂದುಕೊಳ್ಳಬೇಕು.

ಆ ಆಸನದಿಂದ ಇಳಿಯುವಾಗ ಕೆಲವು ನಿಯಮಗಳು ನನಗೆ ತಾವಾಗಿಯೇ ಹೊಳೆದವು. ಟ್ರೇಲರುಗಳ ಎಡಮಗ್ಗುಲಿನಿಂದ ಎಂದೂ ಮುಂದೆ ನುಗ್ಗಬಾರದು. ಗಾಡಿ ಎಡಕ್ಕೆ ಹೊರಳಿದರೆ ಹಿಂದಿನ ಟ್ರೇಲರು ಮುಂದಿನದರ ಜಾಡಿನಲ್ಲಿ ಬರದೆ ಮೂಲೆಯನ್ನು ಕತ್ತರಿಸಿಕೊಂಡು ಒಳಕ್ಕೆ ಬರುತ್ತದೆ. ಟ್ರ್ಯಾಕ್ಟರು ಸುರಕ್ಷಿತವಾಗಿ ದಾಟಿತೆಂದು ನಿಂತವನನ್ನು ಎರಡನೆಯ ಟ್ರೇಲರು ಹಿಡಿಯುತ್ತದೆ. ಕ್ರಾಸುಗಳಲ್ಲಿ ಅದರ ಪಕ್ಕಕ್ಕೆ ನಿಲ್ಲದೆ ಹಿಂದೆಯೇ ನಿಂತು, ಅದು ಪೂರ್ತಿ ಹೊರಳಿ ಹೋದ ಮೇಲೆ ಹೊರಡಬೇಕು. ಹಿಂದೆ ಸಾಗುವಾಗಲೂ ಹತ್ತಿಪ್ಪತ್ತು ಮೀಟರು ಅಂತರವಿರಬೇಕು; ಗಳ ಜಾರಿ ಬೀಳುತ್ತವೆ, ರವದಿ ಉದುರುತ್ತದೆ. ಹಸಿ ರವದಿಯ ಮೇಲೆ ಸೈಕಲ್ಲಿನ ಗಾಲಿ ಹಾವಸೆಯ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಅಂಥಲ್ಲಿ ಹ್ಯಾಂಡಲ್ಲು ತಿರುಗಿಸದೆ, ಬ್ರೇಕು ಒತ್ತದೆ, ನೇರವಾಗಿ ಮೆಲ್ಲಗೆ ದಾಟಬೇಕು.

ಓಡುವ ಟ್ರೇಲರಿನಿಂದ ಗಳ ಎಳೆಯುವ ಹುಡುಗರ ಆಟವನ್ನು ನಾವೆಲ್ಲ ನಕ್ಕು ನೋಡಿದವರೇ. ಕಳೆದ ಹಂಗಾಮಿನಲ್ಲಿ ನಮ್ಮ ಶಾಲೆಯ ಹುಡುಗನೊಬ್ಬನು ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಗಳ ಹಿಡಿದು, ಗಳವು ಹೊರೆಯಿಂದ ಬಿಡದೆ ತನ್ನನ್ನೇ ಎಳೆದುಕೊಂಡು ಹೋದಾಗ ಬಿದ್ದು ಕೈ ಮುರಿದುಕೊಂಡನು. ಬಿದ್ದದ್ದು ಮಣ್ಣಿನ ಕಡೆಗೆ. ಗಾಲಿಯ ಕಡೆಗೆ ಬಿದ್ದಿದ್ದರೆ ಈ ವಾಕ್ಯವನ್ನು ನಾನು ಬೇರೆ ವಿಧದಲ್ಲಿ ಬರೆಯಬೇಕಾಗುತ್ತಿತ್ತು. ಒಂದು ಗಳ ಕಬ್ಬಿನ ಸವಿಗೆ ಅದು ಬಹಳ ದೊಡ್ಡ ಬೆಲೆ.

ಇನ್ನು ರಾತ್ರಿಯ ಮಾತು. ಟಾಯರು ಒಡೆದೋ ಡೀಸೆಲ್ಲು ತೀರಿಯೋ ಕತ್ತಲೆಯಲ್ಲಿ ರಸ್ತೆಯ ಮೇಲೆಯೇ ನಿಂತ, ಹಿಂದೀಪವಿಲ್ಲದ ಟ್ರೇಲರಿಗಿಂತ ಕೆಟ್ಟ ವೈರಿ ಮತ್ತೊಂದಿಲ್ಲ. ಹಿಂದಿನ ಕಾಲದಲ್ಲಿ ದೀಪವಿಲ್ಲದೆ ಸೈಕಲ್ಲು ನಡೆಸಿದರೆ ಪೋಲೀಸರು ಹಿಡಿಯುತ್ತಿದ್ದರೆಂದೂ, ಹಿಡಿದಾಗ ‘ಈಗಷ್ಟೇ ಆರಿತ್ರಿ’ ಎಂದು ಹೇಳಲು ಕೆಲವರು ಎಣ್ಣೆಯಿಲ್ಲದ ಕಂದೀಲನ್ನೂ ಕಟ್ಟಿಕೊಳ್ಳುತ್ತಿದ್ದರೆಂದೂ ಹಿರಿಯರು ನಗೆಯಾಡುತ್ತಾರೆ. ಆ ಭಯ ಈಗಿಲ್ಲ. ಭಯದೊಡನೆ ದೀಪವೂ ಹೋಗಬೇಕಾಗಿರಲಿಲ್ಲ. ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ, ಪೆಡಲಿಗೂ ಗಾಲಿಯ ಕಡ್ಡಿಗೂ ಬೆಳಕನ್ನು ತಿರುಗಿಸುವ ರಿಫ್ಲೆಕ್ಟರು: ಇವಿಷ್ಟೂ ಸೇರಿ ಒಂದು ಟಾಯರಿನ ಬೆಲೆಯಾಗಬಹುದು. ಮುಂದಿನ ದೀಪವು ನಮಗೆ ದಾರಿ ತೋರಿಸುವುದಕ್ಕಾದರೆ, ಹಿಂದಿನದು ನಮ್ಮನ್ನು ದಾರಿಗೆ ತೋರಿಸುವುದಕ್ಕೆ. ಎರಡರಲ್ಲಿ ಒಂದನ್ನೇ ಕೊಳ್ಳುವ ಶಕ್ತಿಯಿದ್ದು ಬೀದಿದೀಪಗಳ ಬೆಳಕಿನಲ್ಲಿಯೇ ನಡೆಯುವವನು ಹಿಂದಿನ ಕೆಂಪನ್ನೇ ಮೊದಲು ಕೊಳ್ಳಲಿ. ತಲೆಗೆ ಹೆಲ್ಮೆಟ್ಟು ಇರಲಿ. ಆದರೆ ಅದು ಬಿದ್ದ ಮೇಲೆ ಕಾಯುವ ವಸ್ತುವೇ ಹೊರತು ಬೀಳದಂತೆ ಕಾಯುವ ವಸ್ತುವಲ್ಲವೆಂಬುದು ನೆನಪಿರಲಿ.

ಹುಕ್ಕೇರಿ ತಾಲೂಕಿನ ಸಂಕೇಶ್ವರ, ಹತ್ತರಗಿಗಳ ಮೇಲೆ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಹಾಯ್ದುಹೋಗುತ್ತದೆ. ಹೆದ್ದಾರಿಯಲ್ಲಿ ಸೈಕಲ್ಲಿನವನಿಗೆ ಕೆಲಸವಿಲ್ಲ. ಸರ್ವಿಸ್ ರಸ್ತೆಯೋ ಹಳ್ಳಿಯ ಹಳೆಯ ದಾರಿಯೋ ಅವನ ಪಾಲಿಗಿದೆ. ಆದರೆ ಅಲ್ಲಿ ಒಂದು ಆಸೆಯು ಅವನನ್ನು ಕಾಡುತ್ತದೆ. ಹೋಗಬೇಕಾದ ಊರು ಎದುರಿಗೇ ಕಾಣುತ್ತದೆ. ಸರಿಯಾದ ಬದಿಗೆ ಹೋಗಬೇಕೆಂದರೆ ದಾಟುವ ಸ್ಥಳವು ಒಂದು ಕಿಲೋಮೀಟರು ಹಿಂದಿರುತ್ತದೆ. ‘ಬಲಗಡೆಯಿಂದಲೇ ಹೋದರಾಯಿತು, ಎದುರಿನವರು ಕಾಣುತ್ತಾರಲ್ಲ’ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಓದಿದವರೂ ಹೀಗೆಯೇ ವಾದಿಸುವುದನ್ನು ನಾನು ಕೇಳಿದ್ದೇನೆ. ಇದಕ್ಕೆ ಉತ್ತರವನ್ನು ಗಣಿತವೇ ಕೊಡಲಿ.

ಸೈಕಲ್ಲಿನ ವೇಗ ಗಂಟೆಗೆ ೧೫ ಕಿಲೋಮೀಟರು, ಮೋಟಾರಿನದು ೬೦ ಎಂದು ಇಟ್ಟುಕೊಳ್ಳೋಣ. ಇಬ್ಬರೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಮೋಟಾರು ನಮ್ಮನ್ನು ಸಮೀಪಿಸುವ ವೇಗವು ಅವೆರಡರ ವ್ಯತ್ಯಾಸ, ಎಂದರೆ ೪೫. ಎದುರುಬದುರಾದರೆ ಎರಡರ ಮೊತ್ತ, ಎಂದರೆ ೭೫. ಡ್ರೈವರನು ನಮ್ಮನ್ನು ೬೦ ಮೀಟರು ದೂರದಿಂದ ಕಂಡನೆನ್ನಿ. ಮೊದಲನೆಯ ಸಂದರ್ಭದಲ್ಲಿ ಅವನಿಗೆ ಸುಮಾರು ಐದು ಸೆಕೆಂಡು ದೊರೆಯುತ್ತದೆ. ಎರಡನೆಯದರಲ್ಲಿ ಮೂರು ಸೆಕೆಂಡೂ ದೊರೆಯುವುದಿಲ್ಲ. ಕಂಡದ್ದು ಮನಸ್ಸಿಗೆ ತಾಗಿ ಕಾಲು ಬ್ರೇಕಿಗೆ ಹೋಗುವುದರೊಳಗೆ ಒಂದು ಸೆಕೆಂಡಾದರೂ ಕಳೆದಿರುತ್ತದೆ. ಮೇಲಾಗಿ ಹಿಂದಿನಿಂದ ಬರುವವನು ತನ್ನ ವೇಗವನ್ನು ನಮ್ಮ ವೇಗಕ್ಕೆ ಇಳಿಸಿಕೊಂಡರೆ ಸಾಕು, ನಮ್ಮ ಹಿಂದೆಯೇ ಸಾಗಬಹುದು. ಎದುರಿನಿಂದ ಬರುವವನು ಪೂರ್ತಿಯಾಗಿ ನಿಲ್ಲದ ಹೊರತು ಗತಿಯಿಲ್ಲ. ಉಳಿಯುವುದು ಕೆಲವು ನಿಮಿಷಗಳ ದಾರಿ. ಅದಕ್ಕಾಗಿ ನಾವು ತೆರುವುದು ಆ ಎರಡು ಸೆಕೆಂಡು. ಅಡ್ಡದಾರಿಯಿಂದ ರಸ್ತೆಗೆ ಬರುವವನೂ ವಾಹನಗಳು ಬರುವ ದಿಕ್ಕಿಗೇ ಕಣ್ಣಿಟ್ಟಿರುತ್ತಾನೆ. ಯಾರೂ ಬರಬಾರದ ದಿಕ್ಕಿನಿಂದ ಬರುವವನನ್ನು ಅವನೇಕೆ ನೋಡಿಯಾನು? ಇಲ್ಲಿಯೂ ತಿರುಳು ಅದೇ. ಜನರು ನೋಡುವ ಠಾವಿನಲ್ಲಿ ನಾವಿರಬೇಕು, ಅವರು ಎಣಿಸಿದಂತೆ ನಡೆಯಬೇಕು.

ನನಗಾದರೋ ಏಳು ಕಿಲೋಮೀಟರಿನ ಪ್ರಶ್ನೆ. ಹಳ್ಳಿಯ ಮಕ್ಕಳಿಗೆ ಇದು ವಿದ್ಯೆಯ ಪ್ರಶ್ನೆಯೇ ಆಗಿದೆ. ಕರ್ನಾಟಕದಲ್ಲಿ ೨೦೦೬-೦೭ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವು ಸೈಕಲ್ಲುಗಳನ್ನು ಕೊಡತೊಡಗಿತು. ೨೦೨೦ರಲ್ಲಿ ಬಂದ ಕೋವಿಡ್ಡಿನ ಕಾಲಕ್ಕೆ ಆ ವಿತರಣೆ ನಿಂತಿತು. ಬಿಹಾರದಲ್ಲಿ ಹುಡುಗಿಯರಿಗಾಗಿ ಆರಂಭವಾದ ಅಂಥದೇ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ, ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣವು ಅದರಿಂದ ಶೇಕಡಾ ೩೦ಕ್ಕೂ ಮಿಕ್ಕಿ ಏರಿತೆಂದು ಕಂಡರು. ಎರಡು ಗಾಲಿಗಳು ಮಾಡಿದ ಈ ಉಪಕಾರವನ್ನು ದಾರಿಯ ಭಯವು ಒಂದೇ ದಿನದಲ್ಲಿ ಅಳಿಸಿಹಾಕಬಲ್ಲದು. ಊರ ಹತ್ತಿರ ಒಂದು ಅಪಘಾತವಾದರೆ ಸಾಕು, ಮಗನನ್ನು ಹೇಗೋ ಕಳಿಸುವ ಮನೆಯವರು ಮಗಳನ್ನು ಮನೆಯಲ್ಲಿ ನಿಲ್ಲಿಸುತ್ತಾರೆ. ಸೈಕಲ್ಲನ್ನು ಕೊಟ್ಟಷ್ಟು ಸುಲಭವಾಗಿ ದಾರಿಯ ಪಾಠವನ್ನು ಕೊಡಲಾಗದು. ಆದರೆ ಅದಿಲ್ಲದೆ ಇದು ಉಳಿಯದು.

ಸೈಕಲ್ಲಿನ ನಾಡೆಂದು ಹೆಸರಾದ ಹಾಲಂಡವೂ ಹುಟ್ಟಿನಿಂದ ಹಾಗಿರಲಿಲ್ಲ. ೧೯೭೧ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅವರಲ್ಲಿ ನಾಲ್ಕುನೂರಕ್ಕೂ ಮಿಕ್ಕಿ ಮಕ್ಕಳಿದ್ದರು. ‘ಮಕ್ಕಳ ಕೊಲೆಯನ್ನು ನಿಲ್ಲಿಸಿರಿ’ ಎಂದು ತಂದೆತಾಯಿಗಳು ಬೀದಿಗಿಳಿದರು. ಬರಬರುತ್ತ ಸೈಕಲ್ಲಿಗೆ ಪ್ರತ್ಯೇಕ ದಾರಿಗಳಾದವು. ಅಲ್ಲಿಯ ಪ್ರಾಥಮಿಕ ಶಾಲೆಗಳ ಮಕ್ಕಳು ಇಂದಿಗೂ ರಸ್ತೆಯ ನಿಯಮಗಳ ಪರೀಕ್ಷೆಗೆ ಕೂಡುತ್ತಾರೆ. ಸೈಕಲ್ಲಿನ ಮೇಲೆ ನಿಜವಾದ ಬೀದಿಯಲ್ಲಿ ಸಾಗಿ ತೋರಿಸುತ್ತಾರೆ. ನಮಗೆ ಪ್ರತ್ಯೇಕ ದಾರಿಗಳು ಯಾವಾಗ ಬಂದಾವೋ, ಬಂದಾಗ ಸಂತೋಷ. ಪರೀಕ್ಷೆಯನ್ನಾದರೂ ನಾಳೆಯೇ ಆರಂಭಿಸಬಹುದು. ಅದಕ್ಕೆ ಸುಣ್ಣದ ಪುಡಿ ಮತ್ತು ಶಾಲೆಯ ಬಯಲು ಸಾಕು.

ನಮ್ಮ ಶಾಲೆಯಲ್ಲಿ ನಾವು ಮಾಡಿದ್ದು ಇಷ್ಟೆ. ಬಯಲಿನಲ್ಲಿ ಮೂವತ್ತು ಹೆಜ್ಜೆಯ ಒಂದು ಸುಣ್ಣದ ಗೆರೆ ಎಳೆದೆವು. ಮಕ್ಕಳು ಒಬ್ಬೊಬ್ಬರಾಗಿ ಅದರ ಮೇಲೆ ಸೈಕಲ್ಲು ನಡೆಸಬೇಕು. ನಡುವೆ ನಾನು ಹಿಂದೆ ನಿಂತು ಬೆರಳುಗಳನ್ನು ಎತ್ತುತ್ತೇನೆ. ಅವರು ಹಿಂದಿರುಗಿ ನೋಡಿ ಎಷ್ಟು ಬೆರಳೆಂದು ಹೇಳಬೇಕು, ಗಾಲಿಯು ಗೆರೆಯನ್ನು ಬಿಡಬಾರದು. ಗಾಳಿಯಂತೆ ಹಾರುವ ಹುಡುಗರೂ ಮೊದಲ ದಿನ ತತ್ತರಿಸಿದರು. ತಲೆ ಹಿಂದಕ್ಕೆ ಹೊರಳಿದೊಡನೆ ಹ್ಯಾಂಡಲ್ಲೂ ಅತ್ತಲೇ ಹೊರಳುತ್ತಿತ್ತು. ಅದೇ ತತ್ತರಿಕೆಯು ರಸ್ತೆಯ ಮೇಲಾದರೆ ಏನಾಗುವುದೆಂದು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ. ಎರಡು ವಾರಗಳಲ್ಲಿ ಬಹುಮಂದಿಗೆ ಅದು ಸಿದ್ಧಿಸಿತು. ಅನಂತರ ಕೈಯ ಸನ್ನೆ, ಎರಡು ಬ್ರೇಕುಗಳನ್ನೂ ಕೂಡಿಯೇ ಒತ್ತುವುದು, ಓಢಣಿಯ ಸೆರಗು ಚೈನಿಗೆ ಸಿಕ್ಕದಂತೆ ಕಟ್ಟಿಕೊಳ್ಳುವುದು, ಪ್ರತಿ ಸೋಮವಾರ ಟಾಯರಿನ ಗಾಳಿಯನ್ನೂ ಬ್ರೇಕಿನ ರಬ್ಬರನ್ನೂ ನೋಡುವುದು. ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಸರ, ಟ್ರ್ಯಾಕ್ಟರ್ ನಡಸವ್ರಿಗೂ ಈ ಪಾಠ ಹೇಳ್ರಿ” ಎಂದಳು. ಆ ಮಾತಿಗೆ ಪ್ರತಿಯಿಲ್ಲ. ಟ್ರೇಲರಿನ ಬೆನ್ನಿಗೆ ಕೆಂಪು ರಿಫ್ಲೆಕ್ಟರಿನ ಪಟ್ಟಿ ಅಂಟಿಸುವುದಕ್ಕೆ ಒಂದು ಗಳಿಗೆಯೂ ಹಿಡಿಯದು. ಕಾರ್ಖಾನೆಯ ಗೇಟಿನಲ್ಲಿ ಹೊರೆ ತೂಗುವವರೇ ಅದನ್ನೂ ನೋಡಿ ಒಳಗೆ ಬಿಡುವುದು ಕಠಿಣವಲ್ಲ. ದಾರಿಯಲ್ಲಿ ಬಲವುಳ್ಳವನ ಪಾಲಿನ ಧರ್ಮವು ಹೆಚ್ಚಿನದು. ಬಲವಿಲ್ಲದವನು ಎಚ್ಚರವಾಗಿದ್ದ ಮಾತ್ರಕ್ಕೆ ಆ ಧರ್ಮವು ಇಳಿಯುವುದಿಲ್ಲ.

ಆದರೆ ಶಿಕ್ಷಕರಾದ ನಾವು ಅವರೆಲ್ಲರಿಗಾಗಿ ಕಾಯಬೇಕಾಗಿಲ್ಲ. ಪ್ರತಿ ವರ್ಷವೂ ದಸರೆಯ ರಜೆ ಮುಗಿದು ಶಾಲೆ ತೆರೆಯುವುದಕ್ಕೂ, ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಏಳುವುದಕ್ಕೂ ನಡುವೆ ಕೆಲವು ದಿನಗಳಿರುತ್ತವೆ. ಆ ದಿನಗಳಲ್ಲಿ ಒಂದು ಶನಿವಾರದ ಬೆಳಗಿನ ಶಾಲೆಯನ್ನು ಈ ಪಾಠಕ್ಕೆ ಕೊಡೋಣ. ಗೆರೆಯ ಮೇಲೆ ತತ್ತರಿಸುವ ಮಗುವು ಬಯಲಿನಲ್ಲಿಯೇ ತತ್ತರಿಸಲಿ. ಹಂಗಾಮು ತೊಡಗುವುದರೊಳಗೆ ಅದು ಹಿಂದಿರುಗಿ ನೋಡಲು ಕಲಿತಿರಲಿ.